ಕೆಸರಪ್ಪನವರ ವಿಧಾನ

ಎದುರು ಬಂದವರ ಮುಖಕ್ಕಿಂತ ಚಪ್ಪಲಿಗೆ ಅಂಟಿದ ಮಣ್ಣೇ ಕೆಸರಪ್ಪನವರ ಕಣ್ಣಿಗೆ ಮೊದಲು ಬೀಳುತ್ತಿತ್ತು. ಬಿದ್ದೊಡನೆ ಬಗ್ಗಿ, ಚಿಟಿಕೆಯಷ್ಟನ್ನು ತೆಗೆದು ಬೆರಳುಗಳ ನಡುವೆ ತಿಕ್ಕಿ ನೋಡಿ, ಆಮೇಲೆ ನಮಸ್ಕಾರ ಹೇಳುತ್ತಿದ್ದರು. ಗಣಿಯ ಪ್ರಯೋಗಾಲಯದ ಹಿರಿಯ ರಸಾಯನಶಾಸ್ತ್ರಜ್ಞರಾದ ಅವರನ್ನು ಎಲ್ಲರೂ ಬೆನ್ನ ಹಿಂದೆ ಕೆಸರಪ್ಪ ಎನ್ನುತ್ತಿದ್ದರು. ಹನ್ನೊಂದು ವರ್ಷ ಅವರ ಸಹಾಯಕನಾಗಿದ್ದ ನಾನೂ ಅಂದದ್ದುಂಟು.

ಅದಿರು ತೊಳೆದು ಉಳಿದ ಬೂದುಬಣ್ಣದ ಕೆಸರು ಗಣಿಯ ಹಿಂದಿನ ಹೊಂಡದಲ್ಲಿ ಒಂದು ತಲೆಮಾರಿನಿಂದ ತುಂಬುತ್ತಲೇ ಇತ್ತು. ಅದರೊಳಗಿನ ರಂಜಕವನ್ನು ಬೇರ್ಪಡಿಸಿ ಎರಡು ಬಾರಿ ಕುಲುಮೆಯಲ್ಲಿ ಸುಟ್ಟರೆ, ದನಕರುಗಳ ಮೂಳೆ ಗಟ್ಟಿ ಮಾಡುವ ಫಾಸ್ಫೇಟ್ ಪುಡಿಯಾಗುತ್ತದೆಂಬುದು ಅವರ ಹಠ. "ಅದನ್ನ ಕಸ ಅನ್ಬೇಡ್ರಿ" ಎಂದು ಕಂಡಕಂಡವರ ಬಾಯಿ ಮುಚ್ಚಿಸುತ್ತಿದ್ದರು. ಆಸಿಡ್ ಸಿಡಿದು ಅವರ ಕೋಟು ತೂತುತೂತಾಗಿತ್ತು.

"ಮದುವೆ ಮನೆಗೂ ಈ ಜರಡೀನೇ ಹಾಕ್ಕೊಂಡು ಬರ್ತೀಯೇನೋ?" ಎಂದು ಅವರ ಅಕ್ಕ ಗದರಿದರೆ, "ಗಾಳಿ ಚೆನ್ನಾಗಿ ಆಡ್ತದಕ್ಕಾ" ಎನ್ನುತ್ತಿದ್ದರು.

ಹಠ ಹಿಡಿದ ಹತ್ತೊಂಬತ್ತನೆಯ ವರ್ಷಕ್ಕೆ ಪುಡಿ ಕೈಗೂಡಿತು. ಹೊಸ ವ್ಯವಸ್ಥಾಪಕರು ಕಾರ್ಖಾನೆ ಕಟ್ಟಿಸಿ, ಬಾಗಿಲ ಮೇಲಿನ ಕಲ್ಲಿನಲ್ಲಿ ತಮ್ಮ ಹೆಸರನ್ನೇ ಕೆತ್ತಿಸಿಕೊಂಡರು. ಅದಕ್ಕೆ ಇವರು ತುಟಿ ಬಿಚ್ಚಲಿಲ್ಲ. ಒಳಗೆ ಒಂದೇ ಬಾರಿ ಸುಡುತ್ತಿದ್ದಾರೆಂದು ತಿಳಿದ ದಿನ ಮಾತ್ರ ಕಚೇರಿಗೆ ನುಗ್ಗಿದರು.

"ಸಾರ್, ಫ್ಲೋರೈಡ್ ವಿಷ ಹೋಗೋದೇ ಎರಡನೇ ಸಲ ಸುಟ್ಟಾಗ!"

"ನಿಮ್ಮ ಕೆಲಸ ಮುಗೀತಲ್ಲ, ಆರಾಮಾಗಿ ಮನೇಲಿರಿ" ಎಂದರು ವ್ಯವಸ್ಥಾಪಕರು. ನಿವೃತ್ತಿಯ ಅವಧಿಗೆ ಮುಂಚೆಯೇ ಮನೆಗೆ ಕಳುಹಿಸಿಯೂಬಿಟ್ಟರು. ಇವರು ಹೇಳಿ ನಾನು ಟೈಪು ಮಾಡಿದ ಮೂರು ಎಚ್ಚರಿಕೆಯ ಪತ್ರಗಳಿಗೆ ಉತ್ತರ ಬರಲಿಲ್ಲ.

ಎರಡು ವರ್ಷಗಳಲ್ಲಿ ಆ ಪುಡಿ ತಿಂದ ಸುತ್ತಲಿನ ದನಗಳು ಕುಂಟತೊಡಗಿದವು. ನಾವಿಬ್ಬರೂ ನೋಡಹೋದ ಒಂದು ಕೊಟ್ಟಿಗೆಯಲ್ಲಿ ನಿಲ್ಲಲಾರದ ಹಸುವೊಂದು ಮುಂಗಾಲು ಮಡಿಸಿ, ಮೊಣಕಾಲೂರಿ ಮೇವು ತಿನ್ನುತ್ತಿತ್ತು. "ಏನು ಹಾಕಿದ್ರಿ ಸ್ವಾಮಿ ಆ ಪುಡೀಲಿ?" ಎಂದು ಮನೆಯೊಡತಿ ಕೇಳಿದಳು. ಇವರು ಹಸುವಿನ ಪಕ್ಕದಲ್ಲೇ ಕುಳಿತು ಅದರ ಮೊಣಕಾಲು ಸವರಿದರು.

ವಿಚಾರಣೆ ನಡೆಯಿತು. ವ್ಯವಸ್ಥಾಪಕರು ಇವರ ಹಳೆಯ ವರದಿಯನ್ನು ಮುಂದಿಟ್ಟರು. ಎರಡನೆಯ ಸುಡುವಿಕೆಯ ಪುಟ ಅದರಲ್ಲಿರಲಿಲ್ಲ, ಇವರ ರುಜು ಇತ್ತು.

"ಈ ವಿಧಾನ ಯಾರದು?" ಎಂದು ಅಧಿಕಾರಿ ಕೇಳಿದರು.

"ನಂದು. ಮೊದಲಿಂದ ಕೊನೇವರೆಗೂ ನಂದೇ. ಆದರೆ ಇವರು..."

"ಕೇಳಿದ್ದಕ್ಕೆ ಉತ್ತರ ಬಂತು, ಸಾಕು." ಕಡತ ಮುಚ್ಚಿತು.

ಆ ಮೂರು ಪತ್ರಗಳ ಪ್ರತಿ ನನ್ನ ಬೀರುವಿನಲ್ಲಿತ್ತು. ನನಗೆ ಆ ಕಾರ್ಖಾನೆಯಲ್ಲಿ ಇನ್ನೂ ಕೆಲಸವಿತ್ತು. ನಾನು ಎದ್ದು ನಿಲ್ಲಲಿಲ್ಲ.

ತಪ್ಪು ಅವರ ತಲೆಗೆ ಬಂತು. ಮೆಟ್ಟಿಲಿಳಿಯುವಾಗ ಅಕ್ಕ ಅಳುತ್ತಾ, "ನಂದಲ್ಲ ಅಂದಿದ್ರೆ ಆಗ್ತಿತ್ತಲ್ಲೋ" ಎಂದರು.

"ಹ್ಯಾಗಕ್ಕಾ ಅನ್ನಲಿ?"

ಕೆಲಸವನ್ನು ಹೆತ್ತ ಮಗುವಿನಂತೆ ಕಾಣುವ ಇಂಥವರನ್ನು ಮುಗಿಸುವುದಕ್ಕೆ ಜಾಣತನವೇನೂ ಬೇಕಿಲ್ಲ. ಕೀರ್ತಿಯನ್ನು ಕಸಿದುಕೊಂಡರೆ ಸುಮ್ಮನಿರುತ್ತಾರೆ. ಆ ಮಗುವಿನ ಕೈಕಾಲು ಮುರಿದು ತಂದು ಒಪ್ಪಿಸಿದರೂ ನನ್ನದೆಂದು ಎದೆಗವಚಿಕೊಳ್ಳುತ್ತಾರೆ. ಅವರ ಈ ಗುಣ ಲೋಕಕ್ಕೆ ಚೆನ್ನಾಗಿ ಗೊತ್ತು. ನಮ್ಮಂಥ ಮಿಕ್ಕವರು ಕುರ್ಚಿ ಬಿಟ್ಟು ಏಳುವುದಿಲ್ಲವೆಂಬುದೂ ಗೊತ್ತು.