ಟೀಚರಮ್ಮನ ಮಚ್ಚೆ

ಬಟಾಣಿ ಎಂದು ಎಲ್ಲರೂ ಕರೆಯುವ ಆ ಮಗುವಿಗೆ ಮೂರು ವರ್ಷ. ಬೆಳಿಗ್ಗೆ ಎದ್ದಾಗ ಅವಳ ಎಡಗಣ್ಣಿನ ರೆಪ್ಪೆ ಊದಿಕೊಂಡು, ಕಣ್ಣು ಅರ್ಧ ಮುಚ್ಚಿತ್ತು. ಅಮ್ಮ ಆಗಲೇ ಬಸ್ ಡಿಪೋದ ಪಾಳಿಗೆ ಹೋಗಿಯಾಗಿತ್ತು. ಅಪ್ಪ ಮಗಳನ್ನು ಎತ್ತಿಕೊಂಡು ತನ್ನ ಫೋಟೋ ಸ್ಟುಡಿಯೋಗೆ ಬಂದ.

ಅರ್ಜಿಗೆ ಅಂಟಿಸುವ ಫೋಟೋಗಳೇ ಅವನ ಅನ್ನ. ಏನೇ ಆಗಲಿ, ಮೊದಲು ಒಂದು ಫೋಟೋ ತೆಗೆಯುವುದು ಅವನ ಕೈಗೆ ಹತ್ತಿದ ಚಾಳಿ. ಮಗಳನ್ನು ಸ್ಟೂಲಿನ ಮೇಲೆ ಕೂರಿಸಿ, ಎರಡೂ ದೀಪ ಹಾಕಿ, ತೆಗೆದದ್ದನ್ನು ಕಂಪ್ಯೂಟರಿನಿಂದಲೇ ಎದುರಿನ ಕ್ಲಿನಿಕ್ಕಿನ ನರ್ಸಿಗೆ ಕಳಿಸಿದ.

ನರ್ಸ್ ಫೋನ್ ಮಾಡಿದಳು. "ಊತ ಇದೆ, ಕೆಂಪೇನೂ ಕಾಣ್ತಿಲ್ಲ. ಸೊಳ್ಳೆ ಕಚ್ಚಿರ್ಬೇಕು. ಜ್ವರ ಇದೆಯಾ?"

"ಇಲ್ಲ ಸಿಸ್ಟರ್. ಆಟ ಆಡ್ತಿದ್ದಾಳೆ."

"ತಣ್ಣೀರ್ ಬಟ್ಟೆ ಇಡಿ. ಕೆಂಪಗಾದ್ರೆ, ನೋವು ಅಂದ್ರೆ, ಜ್ವರ ಬಂದ್ರೆ ಕಾಯ್ತಾ ಕೂರಬೇಡಿ. ಕರ್ಕೊಂಡ್ ಬನ್ನಿ."

ಕೆಟ್ಟುಹೋದ ಒಂದು ಫೋಟೋದ ಹಿಂದೆ ಅದಷ್ಟನ್ನೂ ಬರೆದು ಕಂಪ್ಯೂಟರ್ ಪರದೆಯ ಪಕ್ಕ ಅಂಟಿಸಿಕೊಂಡ.

ಮಧ್ಯಾಹ್ನದ ಹೊತ್ತಿಗೆ ಬಟಾಣಿ ಆಟ ಬಿಟ್ಟು, ನೀಲಿ ಪರದೆಬಟ್ಟೆಯ ಹಿಂದಿನ ಬೆಂಚಿನ ಮೇಲೆ ಮಲಗಿದಳು. ಅವನು ಇನ್ನೊಂದು ಫೋಟೋ ತೆಗೆದು, ಎರಡನ್ನೂ ಅಕ್ಕಪಕ್ಕ ಇಟ್ಟು ನೋಡಿದ. ಊತ ಒಂದು ಎಳೆ ಹೆಚ್ಚಿತ್ತು. ಬಣ್ಣ ಮಾತ್ರ ಅದೇ. ಕೆಂಪಿಲ್ಲವಲ್ಲ ಎಂದು ಸಮಾಧಾನ ಮಾಡಿಕೊಂಡ. ಹನ್ನೊಂದು ವರ್ಷದಿಂದ ಮುಖಗಳನ್ನು ಕಂಪ್ಯೂಟರಿನಲ್ಲೇ ನೋಡಿ ಅಭ್ಯಾಸವಾದವನು.

ಅಷ್ಟರಲ್ಲಿ ನಿವೃತ್ತ ಟೀಚರಮ್ಮ ತಮ್ಮ ಫೋಟೋ ಒಯ್ಯಲು ಬಂದರು. ಕನ್ನಡಕ ಏರಿಸಿ ನೋಡಿದರು.

"ಏನಪ್ಪಾ, ಇದು ನನ್ನ ತಂಗೀನಾ?"

"ನೀವೇ ಟೀಚರಮ್ಮ."

"ಮೂಗಿನ ಪಕ್ಕದ ಕೆಂಪು ಮಚ್ಚೆ ಎಲ್ಲಿ? ಅರವತ್ತೆಂಟು ವರ್ಷ ಕೂತ ಜಾಗ ಬಿಟ್ಟು ಅಲ್ಲಾಡಿರ್ಲಿಲ್ಲ. ನೀನು ಏನಂದೆ ಅದಕ್ಕೆ?"

"ನಾನಲ್ಲ, ಕಂಪ್ಯೂಟರೇ ಮಾಡುತ್ತೆ. ಮುಖದ ಮೇಲೆ ಕೆಂಪಗೆ ಏನಿದ್ರೂ ತಾನೇ..."

ಅವನ ಕಣ್ಣು ಕಂಪ್ಯೂಟರಿನಲ್ಲಿದ್ದ ಮಗಳ ಎರಡು ಫೋಟೋಗಳತ್ತ ಹೊರಳಿತು. ಗಿರಾಕಿಗಳಿಗೆ ಇಷ್ಟವೆಂದು ಹಾಗೆ ಹೊಂದಿಸಿಟ್ಟವನು ಅವನೇ.

ಮಗಳನ್ನು ಎತ್ತಿಕೊಂಡು ಬಾಗಿಲ ಬೆಳಕಿಗೆ ತಂದ. ರೆಪ್ಪೆ ಕಡುಗೆಂಪಾಗಿತ್ತು. ಕೆಂಪು ಕೆನ್ನೆಗೂ ಇಳಿದಿತ್ತು. ಹಣೆ ಸುಡುತ್ತಿತ್ತು. ಬೆರಳು ಸೋಕಿದ್ದೇ ತಡ, ಅವಳು ಮುಖ ತಿರುಗಿಸಿದಳು. "ಮುಟ್ಬೇಡ ಅಪ್ಪಾ."

"ಹೋಗು, ಅಂಗಡಿ ನಾನು ನೋಡ್ಕೋತೀನಿ," ಎಂದರು ಟೀಚರಮ್ಮ. "ಅರವತ್ತು ಮಕ್ಕಳನ್ನ ಸಂಭಾಳಿಸಿದೋಳಿಗೆ ನಾಲ್ಕು ಗಿರಾಕಿ ಯಾವ ಲೆಕ್ಕ?"

ಕ್ಲಿನಿಕ್ಕಿನಲ್ಲಿ ನರ್ಸ್ ಊಟದ ಡಬ್ಬಿಯನ್ನು ಹಾಗೇ ಬಿಟ್ಟು ಎದ್ದಳು. ಡಾಕ್ಟರಮ್ಮ ರೆಪ್ಪೆಯನ್ನು ಮೆಲ್ಲಗೆ ಬಿಡಿಸಿ, ಪೆನ್ನಿನ ಮುಚ್ಚಳವನ್ನು ಆಚೀಚೆ ಆಡಿಸಿದರು. "ಇದು ಎಲ್ಲಿಗೆ ಹೋಗುತ್ತೆ ನೋಡು ಪುಟ್ಟಾ." ಎರಡು ಕಣ್ಣೂ ಜೊತೆಯಾಗಿ ಅದರ ಹಿಂದೆ ಹೋದವು.

"ಸೋಂಕು ರೆಪ್ಪೇಲಿದೆ, ಕಣ್ಣಿನ ಹಿಂದಕ್ಕೆ ಹೋಗಿರೋ ಹಾಗೆ ಕಾಣ್ತಿಲ್ಲ. ಔಷಧಿ ಈಗಲೇ ಶುರು ಮಾಡೋಣ, ನಾಳೆ ಬೆಳಿಗ್ಗೆ ತೋರಿಸಿ. ಅಷ್ಟರೊಳಗೆ ಕಣ್ಣುಗುಡ್ಡೆ ಮುಂದಕ್ಕೆ ಬಂದ್ರೆ, ಅದನ್ನ ಆಡಿಸೋಕೆ ನೋವಾದ್ರೆ, ಸರಿಯಾಗಿ ಕಾಣ್ತಿಲ್ಲ ಅಂದ್ರೆ, ಜ್ವರ ಏರಿದ್ರೆ ಇಲ್ಲಿಗೂ ಬರಬೇಡಿ. ನೇರ ದೊಡ್ಡಾಸ್ಪತ್ರೆ."

"ನಾಳೆವರೆಗೂ ಬಿಟ್ಟಿದ್ರೆ ಡಾಕ್ಟ್ರೇ?"

"ಬಿಡಲಿಲ್ವಲ್ಲ," ಎಂದು ಅವರು ಚೀಟಿ ಬರೆಯತೊಡಗಿದರು.

ಹೊರಗೆ ನರ್ಸ್ ಹೇಳಿದಳು, "ಫೋಟೋ ನೋಡಿ ಹೇಳಿದ್ದು ನಂದೂ ತಪ್ಪೇ. ಇನ್ಮೇಲೆ ಮಗೂನೇ ಕಳಿಸಿ."

ಸ್ಟುಡಿಯೋದಲ್ಲಿ ಮೂವರು ಗಿರಾಕಿಗಳು ಸಾಲಾಗಿ, ಪಿಟಕ್ಕೆನ್ನದೆ ಕೂತಿದ್ದರು. ಅವನು ಮೊದಲು ಟೀಚರಮ್ಮನ ಮಚ್ಚೆಯನ್ನು ಮರಳಿಸಿ ಫೋಟೋ ಕೊಟ್ಟ. ಅವರು ಕೈ ಚಾಚಿ ಹಿಡಿದು ನೋಡಿ, "ಹ್ಞೂಂ, ಬಂತು," ಎಂದು ಚೀಲಕ್ಕೆ ಹಾಕಿಕೊಂಡರು.

ಮರುದಿನ ಕ್ಲಿನಿಕ್ಕಿಗೆ ಹೊರಡುವ ಮುಂಚೆ ಅವನು ಮಗಳನ್ನು ಕಿಟಕಿಯ ಹತ್ತಿರ ನಿಲ್ಲಿಸಿಕೊಂಡ. ಕೆನ್ನೆಯ ಕೆಂಪು ಹಿಂದೆ ಸರಿದಿತ್ತು. ಎಡಗಣ್ಣು ಇಷ್ಟೇ ಇಷ್ಟು ತೆರೆದು, ಅಪ್ಪ ಏನನ್ನು ಹುಡುಕುತ್ತಿದ್ದಾನೆ ಎಂದು ಅವನನ್ನೇ ನೋಡುತ್ತಿತ್ತು.