ಹಂಚಿನ ಗಾಡಿಯ ಗಾಳಿ

ನನ್ನ ಗಂಡನಿಗೆ ಬೈಯುವುದೆಂದರೆ ನೀರಿನಲ್ಲಿ ಹೋಮ ಮಾಡಿದ ಹಾಗೆ. ಮದುವೆಯಾದಂದಿನಿಂದ ಮಾಡುತ್ತಿದ್ದೇನೆ, ಒಂದು ಕಿಡಿಯೂ ಹತ್ತಿಲ್ಲ. ಆದರೂ ಈ ಸಲ ದಸರಾದಿಂದ ದೀಪಾವಳಿಯವರೆಗೆ ಬೈದಷ್ಟು ಹಿಂದೆ ಯಾವತ್ತೂ ಬೈದಿರಲಿಲ್ಲ. ಎಲ್ಲದಕ್ಕೂ ಕಾರಣ ನಾಲ್ಕು ಹಳೇ ಚಕ್ರ.

ಅವರ ಹೆಸರು ಸುಧಾಕರ. ಉಪ್ಪುಂದದಲ್ಲಿ ಈಗಲೂ ಹಂಚಿನ ಸುಧಾಕರ ಅಂದರೇ ಜನರಿಗೆ ಗುರುತು ಸಿಗುವುದು. ಕುಂದಾಪುರದ ಹಂಚಿನ ಕಾರ್ಖಾನೆಗಳ ಚಿಮಣಿಯಲ್ಲಿ ಹೊಗೆ ಏಳುತ್ತಿದ್ದ ಕಾಲದಲ್ಲಿ ಅವರು ಟೆಂಪೊದಲ್ಲಿ ಹಂಚು ಹೇರಿಕೊಂಡು ಶಿರೂರಿನವರೆಗೂ ಹೋಗುತ್ತಿದ್ದರು. ಆಗ ರಸ್ತೆಯಲ್ಲಿ ಹೊಂಡ ಇತ್ತು ಅನ್ನುವುದಕ್ಕಿಂತ ಹೊಂಡಗಳ ನಡುವೆ ಅಲ್ಲಲ್ಲಿ ರಸ್ತೆ ಇತ್ತು ಅನ್ನಬೇಕು. ಹಂಚು ಒಡೆಯಬಾರದೆಂದು ಕೆಳಗೆ ಭತ್ತದ ಬೈಹುಲ್ಲು ಹಾಸುತ್ತಿದ್ದರು. ಹೊರಡುವ ಮುಂಚೆ ನಾಲ್ಕೂ ಟೈರಿನಿಂದ ಸ್ವಲ್ಪ ಸ್ವಲ್ಪ ಗಾಳಿ ಬಿಡುತ್ತಿದ್ದರು. ಟೈರು ಮೆತ್ತಗಿದ್ದರೆ ಹೊಂಡದ ಪೆಟ್ಟನ್ನು ಅದೇ ನುಂಗುತ್ತದೆ ಅನ್ನುವುದು ಅವರ ಶಾಸ್ತ್ರ. ಬೇರೆಯವರ ಗಾಡಿಯಲ್ಲಿ ಬುಟ್ಟಿಗಟ್ಟಲೆ ಹಂಚು ಚೂರಾದರೆ ಇವರ ಗಾಡಿಯಲ್ಲಿ ಒಂದೋ ಎರಡೋ.

ನನ್ನನ್ನು ಹೆರಿಗೆಗೆ ಕುಂದಾಪುರದ ಆಸ್ಪತ್ರೆಗೆ ಕರೆದುಕೊಂಡು ಹೋದದ್ದೂ ಆ ಟೆಂಪೊದಲ್ಲೇ. ಕಾರು ಮಾಡಿಸಿ ಅಂದರೆ ಕೇಳಲಿಲ್ಲ. ಕಾರಿನ ಚಕ್ರ ಸಣ್ಣದು, ಹೊಂಡಕ್ಕೆ ಇಳಿದರೆ ಬೆನ್ನಿಗೆ ಬಡಿಯುತ್ತದೆ ಅಂದರು. ಗೋಣಿಗೆ ಬೈಹುಲ್ಲು ತುಂಬಿ ಸೀಟಿಗೆ ಹಾಸಿದರು, ಟೈರಿನ ಗಾಳಿ ಬಿಟ್ಟರು, ಎತ್ತಿನಗಾಡಿಗಿಂತ ನಿಧಾನ ಹೋದರು. ನಾನು ಗೋಣಿ ಚುಚ್ಚುತ್ತದೆ ಅಂತ ದಾರಿಯುದ್ದಕ್ಕೂ ಬೈಯುತ್ತಲೇ ಇದ್ದೆ. ಮರವಂತೆಯಲ್ಲಿ ಒಂದು ಕಡೆ ಸಮುದ್ರ, ಒಂದು ಕಡೆ ಹೊಳೆ, ನಡುವೆ ನಮ್ಮ ಗಾಡಿ ಮೆಲ್ಲಗೆ ತೇಲಿದ ಹಾಗೆ ಹೋದದ್ದು ಇವತ್ತಿಗೂ ಕಣ್ಣಿಗೆ ಕಟ್ಟಿದ ಹಾಗಿದೆ. ಆ ದಿನಗಳು ಮತ್ತೆ ಬರುವುದಿಲ್ಲ ಅಂತ ಒಮ್ಮೊಮ್ಮೆ ಅಳುವೇ ಬರುತ್ತದೆ.

ಕಾರ್ಖಾನೆಗಳು ಮುಚ್ಚಿದವು, ಮನೆಗಳಿಗೆಲ್ಲ ತಾರಸಿ ಬಂತು, ಟೆಂಪೊ ಗುಜರಿಗೆ ಹೋಯಿತು. ಇವರಿಗೆ ಸಕ್ಕರೆ ಕಾಯಿಲೆಯಿಂದ ಕಣ್ಣು ಮಂಜಾಗಿ ಲೈಸೆನ್ಸೂ ಹೋಯಿತು. ಗುಜರಿಯವನಿಗೆ ನಾಲ್ಕು ಚಕ್ರ ಮಾತ್ರ ಕೊಡಲಿಲ್ಲ. ಬಚ್ಚಲಿನ ಹಿಂದೆ ಒಟ್ಟಿ, ಮೇಲೆ ತೆಂಗಿನ ಮಡಲು ಮುಚ್ಚಿಟ್ಟರು.

ಆವತ್ತು ಹುಟ್ಟಿದ ಮಗಳು ಸೌಮ್ಯಶ್ರೀಯೇ ಈಗ ನಮ್ಮ ಮನೆಯ ಡ್ರೈವರು. ಅವಳ ಗಂಡ ಸುಜನ್ ಮುಂಬಯಿಯಲ್ಲಿ ಹೋಟೆಲಿನ ಅಡುಗೆಮನೆಯಲ್ಲಿದ್ದಾನೆ. ಇಬ್ಬರೂ ಸೇರಿ ಕಳೆದ ಮಳೆಗಾಲದಲ್ಲಿ, ಅವನು ರಜೆಗೆ ಬಂದಾಗ, ಒಂದು ಸಣ್ಣ ಕರೆಂಟಿನ ಟ್ರಕ್ಕು ಕೊಂಡರು. ಬ್ರಹ್ಮಾವರದ ಒಂದು ಅಕ್ಕಿ ಮಿಲ್ಲಿನಿಂದ ಕುಚ್ಚಲಕ್ಕಿ ಹೇರಿ ಕುಂದಾಪುರ, ಬೈಂದೂರು ದಾಟಿ ಶಿರೂರಿನ ಅಂಗಡಿಯವರೆಗೆ ಮುಟ್ಟಿಸಿ ಬರುವ ಕೆಲಸ. ದೀಪಾವಳಿಯವರೆಗೆ ಒಂದು ದಿನವೂ ತಪ್ಪದೆ ಮುಟ್ಟಿಸಿದರೆ ಕಾಯಂ ಅಂತ ಮಿಲ್ಲಿನವರು ಹೇಳಿದ್ದರು. ಕಾಯಂ ಆದರೆ ಸುಜನ್ ಊರಿಗೆ ಬರುತ್ತಾನೆ. ಇಲ್ಲದಿದ್ದರೆ ಗಾಡಿ ಮಾರಿ ಇವಳೇ ಮುಂಬಯಿಗೆ ಹೋಗುತ್ತಾಳೆ. ಅದನ್ನು ನೆನೆಸಿಕೊಂಡರೆ ನನಗೆ ಅನ್ನ ಇಳಿಯುತ್ತಿರಲಿಲ್ಲ.

ರಾತ್ರಿಯಿಡೀ ಮನೆಯಲ್ಲಿ ಚಾರ್ಜಿಗೆ ಹಾಕಿದರೆ ಮರುದಿನ ಇಡೀ ಸುತ್ತು ಮುಗಿಸಿ ಬರುವಾಗ ಸ್ವಲ್ಪ ಉಳಿಯುತ್ತಿತ್ತು, ಅಷ್ಟೇ. ನಡುವೆ ಮನೆಯಲ್ಲಿ ನಿಲ್ಲಿಸಿ ಹಾಕೋಣ ಅಂದರೆ ಗಂಟೆಗಟ್ಟಲೆ ಬೇಕು, ಅಷ್ಟರಲ್ಲಿ ಶಿರೂರಿನ ಅಂಗಡಿ ಬಾಗಿಲು ಹಾಕುತ್ತದೆ.

ಹೀಗಿರುವಾಗ ಆಯುಧಪೂಜೆ ಬಂತು. ಬೆಳಿಗ್ಗೆ ನಾನು ಕುಂಬಳಕಾಯಿ ಹಿಡಿದು ಅಂಗಳಕ್ಕೆ ಬಂದರೆ ಗಾಡಿ ಒಂದು ಗೇಣು ಎತ್ತರ ನಿಂತಿದೆ. ಮಡಲಿನಡಿಯ ಚಕ್ರಗಳನ್ನು ಇವರು ಬೈಂದೂರಿನ ಟೈರಿನ ಅಂಗಡಿಗೆ ಒಯ್ದು, ಬಣ್ಣ ಹೊಡೆಸಿ, ದಪ್ಪ ಗುಂಡಿಯ ಬಟನ್ ಟೈರು ಹಾಕಿಸಿ ತಂದಿದ್ದರು. ಹಳೇ ಟೆಂಪೊದ ಕಂಪನಿಯದ್ದೇ ಗಾಡಿಯಾದ್ದರಿಂದ ಬೋಲ್ಟಿನ ಲೆಕ್ಕವೂ ಕೂಡಿ ಬಂದಿತ್ತು.

"ಹ್ವಾಯ್, ಎಂತ ಇದ್?" ಅಂದೆ.

"ಗಾಡಿ ಗಿಡ್ಡ ಆಯಿತ್ತ್ ಮಾರಾಯ್ತಿ. ಈಗ ಕಾಣ್, ಗಾಡಿಗೊಂದ್ ಮರ್ಯಾದಿ ಬಂತ್," ಅಂದರು.

ಸೌಮ್ಯಶ್ರೀ ಮುಖ ಸಣ್ಣದು ಮಾಡಿದಳು, ಆದರೆ ಅಪ್ಪಯ್ಯ ಸ್ವಂತ ಕೈಯಿಂದ ಕುಂಕುಮ ಹಚ್ಚಿದ ಚಕ್ರವನ್ನು ಬಿಚ್ಚಿ ಅನ್ನಲು ಅವಳಿಗೂ ಮನಸ್ಸಾಗಲಿಲ್ಲ. ಅವತ್ತಿನಿಂದ ಚಾರ್ಜು ಬೇಗ ಬೇಗ ಇಳಿಯತೊಡಗಿತು. ಮನೆಗೆ ಬರುವಾಗ ಕೆಂಪು ದೀಪ. ನಾಲ್ಕನೆಯ ದಿನ ಬೈಂದೂರು ದಾಟಿ ಒತ್ತಿನೆಣೆಯ ಏರಿನಲ್ಲಿ, ಶಿರೂರಿನ ಚೀಲಗಳೆಲ್ಲ ಮೇಲಿರುವಾಗಲೇ ಗಾಡಿ ನಿಂತುಬಿಟ್ಟಿತು. ಬೇರೆ ಪಿಕಪ್ ಕರೆಸಿ ಅಕ್ಕಿ ಮುಟ್ಟಿಸಿದ್ದಾಯಿತು. ಇನ್ನೊಮ್ಮೆ ಹೀಗಾದರೆ ನಾವು ಬೇರೆ ಗಾಡಿ ನೋಡಿಕೊಳ್ಳುತ್ತೇವೆ ಅಂತ ಮಿಲ್ಲಿನವರು ಫೋನಿನಲ್ಲಿ ಮೆತ್ತಗೇ ಹೇಳಿದರು.

ಮರುದಿನ ಬೆಳಕು ಹರಿಯುವ ಮುಂಚೆ ನಾನೂ ಮಗಳೂ ಟೈರಿನ ಅಂಗಡಿಯ ಕುಷ್ಟನನ್ನು ಎಬ್ಬಿಸಿದೆವು. ಅವನು ಗಾಡಿ ಸುತ್ತ ಒಂದು ಸುತ್ತು ಬಂದು ತಲೆ ಕೆರೆದುಕೊಂಡ.

"ಅಕ್ಕ, ಸುಧಾಕರಣ್ಣ ಹಟ ಹಿಡ್ದ್ರ್ ಅಂದೇಳಿ ಹಾಕ್ದೆ ನಾನ್. ಚಕ್ರ ದೊಡ್ಡದಾಯ್ರೆ ತೂಕ ಜಾಸ್ತಿ, ನಿಂತ ಗಾಡಿ ಎಳುಕೆ ಮೋಟರ್ ಹೆಚ್ಚ್ ಕರೆಂಟ್ ತಿಂತ್. ಅದ್ರ ಮೇಲೆ ಈ ಬಟನ್ ಟೈರ್ ರಸ್ತೆ ಕಚ್ಕಂಡೇ ಹೋಪುದ್. ಡೀಸೆಲ್ ಗಾಡಿ ಆಯ್ರೆ ಗೊತ್ತಾತಿಲ್ಲೆ, ಎರಡ್ ಲೀಟರ್ ಹೆಚ್ಚ್ ಹಾಕಿರೆ ಆಯ್ತ್. ಇದ್ರಗೆ ಇಪ್ಪುದೇ ಅಷ್ಟ್."

ಕಂಪನಿಯ ಸಣ್ಣ ಚಕ್ರಗಳೇ ವಾಪಸು ಬಂದವು. ಅವುಗಳ ಟೈರು ನುಣುಪು, ಹಗುರ, ಗಾಳಿ ತುಂಬಿದರೆ ಕಲ್ಲಿನ ಹಾಗೆ ಗಟ್ಟಿ. ಹಳೆಯವು ಮತ್ತೆ ಬಚ್ಚಲಿನ ಹಿಂದೆ ಹೋದವು. ಇವರೇ ಅವಕ್ಕೆ ಮಡಲು ಮುಚ್ಚಿದರು. ಗೆದ್ದೆ ಅಂದುಕೊಂಡೆ ನಾನು.

ಆದರೆ ಎರಡು ದಿನ ಸರಿಯಾಗಿದ್ದದ್ದು ಮೂರನೆಯ ದಿನ ಮತ್ತೆ ಹಳೇ ಕಥೆ. ಕೆಂಪು ದೀಪ ಹೊತ್ತಿಸಿಕೊಂಡು ತೆವಳುತ್ತಾ ಬಂತು ಗಾಡಿ. ಬರುವ ದಾರಿಯಲ್ಲಿ ಕುಷ್ಟ ಗಾಳಿ ಅಳೆದು ನೋಡಿದನಂತೆ. ನಾಲ್ಕೂ ಟೈರಿನಲ್ಲಿ ಒಂದೇ ಸಮ ಕಮ್ಮಿ, ಪಂಚರ್ ಅಲ್ಲ, ಯಾರೋ ಬಿಟ್ಟದ್ದು, ಮೆತ್ತಗಿನ ಟೈರು ರಸ್ತೆಗೆ ಅಂಟಿಕೊಂಡೇ ಉರುಳುತ್ತದೆ, ಕರೆಂಟೆಲ್ಲ ಅದಕ್ಕೇ ಹೋಗುತ್ತದೆ ಅಂದನಂತೆ. ಮಗಳು ಅದನ್ನು ಹೇಳಿದ್ದೇ ನನಗೆ ಯಾರು ಅಂತ ಗೊತ್ತಾಗಿಹೋಯಿತು. ಹುಟ್ಟುಗುಣ ಸುಟ್ಟರೂ ಹೋಗುವುದಿಲ್ಲ.

ಬೆಳಿಗ್ಗೆ ಬೇಗ ಎದ್ದು ಬಾಗಿಲ ಸಂದಿಯಿಂದ ನೋಡಿದೆ. ಇವರು ಹಿಂದಿನ ಚಕ್ರದ ಹತ್ತಿರ ಕುಕ್ಕರಗಾಲಿನಲ್ಲಿ ಕೂತು, ಗುಡಿಸುವ ಹಿಡಿಸೂಡಿಯ ಕಡ್ಡಿಯಿಂದ ಟೈರಿನ ವಾಲ್ವ್ ಒತ್ತಿ ಗಾಳಿ ಬಿಡುತ್ತಿದ್ದಾರೆ. ನನಗೆ ಮೈಯೆಲ್ಲ ಉರಿಯಿತು.

"ಹ್ವಾಯ್, ನಿಮಗೆ ತಲೆ ಸಮ ಇತ್ತಾ? ಮಗ್ಳ ಹೊಟ್ಟಿ ಮೇಲೆ ಹೊಡಿತ್ರಿಯಲೆ. ಗಾಡಿಯಗೆ ಹಂಚ್ ಇತ್ತಾ ಒಡ್ದ್ ಹೋಪುಕೆ?"

ಅವರು ಕಡ್ಡಿ ಕೆಳಗಿಟ್ಟರು. ತಲೆ ಎತ್ತಲಿಲ್ಲ.

"ಮೆಲ್ಲ ಮಾತಾಡ್. ಹೊಟ್ಟಿ ಅಂದೆ ಅಲ್ದಾ, ಅದಕ್ಕೇ ಬಿಟ್ಟದ್. ಈ ಗಿಡ್ಡ ಚಕ್ರ ರಸ್ತೆ ಹಂಪಿನ ಮೇಲೆ ಹಾರಿರೆ ಪೆಟ್ಟ್ ಸೀದಾ ಸೊಂಟಕ್ಕೆ."

"ಯಾರ್ ಸೊಂಟಕ್ಕೆ?"

"ನಿಂಗ್ ಕಾಂತಿಲ್ಯಾ? ಬಂಗ್ಡಿ ಸಾರ್ ಅಂದ್ರೆ ಜೀವ ಬಿಡು ಹೆಣ್ಣ್, ದಸರಾಕ್ಕಿಂತ ಮುಂಚೆಯಿಂದ ಬರೀ ಗಂಜಿ ಉಪ್ಪಿನಕಾಯಿ ಉಣ್ತ್ಲ್. ಮೀನ್ ಹುರುಕೆ ಹೊರಟ್ರೆ ಎದ್ದ್ ಅಂಗ್ಳಕ್ಕೆ ಹೋತ್ಲ್. ನೀನೂ ಆಗ ಹಾಂಗೇ ಅಲ್ದಾ ಮಾಡ್ತಿದ್ದದ್?"

ನಾನು ಮೆಟ್ಟಿಲ ಮೇಲೆ ಕೂತುಬಿಟ್ಟೆ. ಕಣ್ಣು ಮಂಜಾದವರಿಗೆ ಕಂಡದ್ದು ನನಗೆ ಕಂಡಿರಲಿಲ್ಲ. ಮಗಳು ಗಾಡಿಯ ಚಿಂತೆಯಲ್ಲಿ ಊಟ ಬಿಟ್ಟಿದ್ದಾಳೆ ಅಂದುಕೊಂಡಿದ್ದೆ. ದೊಡ್ಡ ಚಕ್ರ ಹಾಕಿಸಿದ್ದೂ ಮರ್ಯಾದೆಗಲ್ಲ ಅಂತ ಆಗ ಹೊಳೆಯಿತು. ಇಪ್ಪತ್ತೆಂಟು ವರ್ಷದ ಹಿಂದೆ ನನ್ನನ್ನು ಹೊತ್ತ ಚಕ್ರಗಳವು.

ಹಿಂದೆ ತಿರುಗಿದರೆ ಸೌಮ್ಯಶ್ರೀ ಬೀಗದಕೈ ಹಿಡಿದು ಬಾಗಿಲಲ್ಲಿ ನಿಂತಿದ್ದಳು. ಎಲ್ಲ ಕೇಳಿಸಿಕೊಂಡಿದ್ದಳು.

"ಹೌದಾ ಮಗಾ?" ಅಂದೆ.

"ಹೌದ್. ಡಾಕ್ಟ್ರ್ ಇನ್ನೂ ಸ್ವಲ್ಪ ದಿನ ಓಡ್ಸ್ಲಕ್ಕ್ ಅಂದಿರ್. ದೀಪಾವಳಿ ಕಳ್ದ್ಮೇಲೆ ಹೇಳುವ ಅಂದೇಳಿ ಇದ್ದೆ. ಮೊದ್ಲೇ ಹೇಳಿರೆ ನೀನ್ ಬೀಗದಕೈ ಕಿತ್ಕಂತಿದ್ದೆ ಅಮ್ಮ."

ಅದು ಸುಳ್ಳಲ್ಲ. ಆ ಕ್ಷಣವೂ ನನ್ನ ಕೈ ಬೀಗದಕೈಯ ಕಡೆಗೇ ಹೋಗಿತ್ತು. ಅವಳು ಅಪ್ಪಯ್ಯನ ಹತ್ತಿರ ಹೋಗಿ ನೆಲದಲ್ಲೇ ಕೂತಳು.

"ಅಪ್ಪಯ್ಯ, ಆಗಿನ ರಸ್ತೆ ಅಲ್ಲ ಈಗ. ಹಂಪಿನತ್ರ ನಾನ್ ಮೆಲ್ಲ ಹೋತೆ. ಗಾಳಿ ಬಿಟ್ರೆ ಶಿರೂರ್ ಮುಟ್ಟುದಿಲ್ಲೆ. ಶಿರೂರ್ ಮುಟ್ಟದಿದ್ರೆ ನಮ್ಮನಿಯವ್ರ್ ಮುಂಬಯಿ ಬಿಟ್ಟ್ ಬಪ್ಪುದಿಲ್ಲೆ. ನಿಮ್ಮ್ ಮೊಮ್ಮಗು ಅಲ್ಲೇ ಹುಟ್ಟ್ಕಾ?"

ಅವರು ಚಕ್ರವನ್ನೊಮ್ಮೆ ಸವರಿದರು. ಆಮೇಲೆ ಎದ್ದು ಗಾಡಿಯ ಜೊತೆ ಬಂದಿದ್ದ ಸಣ್ಣ ಪಂಪು ತಂದು, ಒಂದೊಂದೇ ಟೈರಿಗೆ ತಾವೇ ಗಾಳಿ ತುಂಬಿದರು. ಅಂಕಿ ಕಾಣುವುದಿಲ್ಲ ಅಂತ ಮಗಳ ಹತ್ತಿರ ಓದಿಸಿದರು. ಕಡೆಯ ಟೈರು ಗಟ್ಟಿಯಾದ ಮೇಲೆ ಅಂಗಳ ದಾಟಿ ಹೋದವರು ಕೊಯ್ಲು ಮುಗಿದ ಗದ್ದೆಯಿಂದ ಒಂದು ಹೊರೆ ಹೊಸ ಬೈಹುಲ್ಲು ತಂದರು. ಗೋಣಿಗೆ ತುಂಬಿ, ಬಾಯಿ ಹೊಲಿದು, ಡ್ರೈವರ್ ಸೀಟಿಗೆ ಹಾಸಿದರು. ಒಳಗೆ ಸ್ಪಂಜಿನ ದಿಂಬು ಇದೆ ಅಂತ ನಾನು ಹೇಳಿದೆ. ಕೇಳಿಸದವರ ಹಾಗೆ ಮಾಡಿದರು.

ಸಂಜೆ ಗಾಡಿ ಬಂದಾಗ ಕೆಂಪು ದೀಪ ಇರಲಿಲ್ಲ. ಮರುದಿನವೂ ಇರಲಿಲ್ಲ. ಪ್ರತಿದಿನ ಬೆಳಿಗ್ಗೆ ಇವರೇ ಟೈರು ಒತ್ತಿ ನೋಡಿ ಗಾಳಿ ತುಂಬುತ್ತಿದ್ದರು, ಗೋಣಿಯನ್ನು ಕೊಡವಿ ಹಾಸುತ್ತಿದ್ದರು. ನನಗೂ ಬೈಯಲು ಏನೂ ಸಿಗದೆ ಬಾಯಿ ಒಣಗಿದ ಹಾಗಾಗಿತ್ತು.

ದೀಪಾವಳಿಯ ಹಿಂದಿನ ದಿನ ಸೌಮ್ಯಶ್ರೀ ಗಾಡಿ ನಿಲ್ಲಿಸಿ ಇಳಿದವಳು ಮೊದಲು ಫೋನ್ ಕಿವಿಯಿಂದ ತೆಗೆದಳು. ಮಿಲ್ಲಿನವರು ಕಾಯಂ ಅಂದಿದ್ದರು. ಸುಜನ್ ಹೋಟೆಲಿನಲ್ಲಿ ಕೆಲಸ ಬಿಡುವುದಾಗಿ ಹೇಳಿ, ರೈಲಿಗೆ ಟಿಕೇಟು ಮಾಡಿಸಿಯೂ ಆಗಿತ್ತು. ನಾನು ಸೆರಗಿನಲ್ಲಿ ಕಣ್ಣೊರೆಸಿಕೊಂಡೆ. ಅವಳು ಸೊಂಟಕ್ಕೆ ಕೈ ಕೊಟ್ಟು ನಿಂತಳು.

"ಅಪ್ಪಯ್ಯ, ಇನ್ನಾದ್ರೂ ಆ ಗೋಣಿ ತೆಗಿನಿ. ಇಷ್ಟ್ ದಿನ ಸುಮ್ನಿದ್ದೆ. ಚುಚ್ಚಿ ಚುಚ್ಚಿ ಸಾಕಾಯ್ತ್."

ಇವರು ನನ್ನ ಕಡೆ ನೋಡಿದರು. ಎಷ್ಟೋ ದಿನದ ಮೇಲೆ ನಕ್ಕರು.

"ನಿನ್ನ್ ಅಮ್ಮ ಇಷ್ಟ್ ದಿನ ಎಲ್ಲಿ, ಅವತ್ತ್ ಮರವಂತೆ ತನ್ಕವೂ ಸುಮ್ನಿರ್ಲಿಲ್ಲೆ," ಅಂದು ಗೋಣಿ ಎಳೆದು ಕೊಟ್ಟಿಗೆಯ ಕಡೆ ಹೊರಟರು.

ನಾನು ಅಡ್ಡ ನಿಂತು ಗೋಣಿಯನ್ನು ಕೈಯಿಂದ ತೆಗೆದುಕೊಂಡೆ. ಹೊಸ ಹುಲ್ಲಿನ ಅದೇ ಹಳೇ ವಾಸನೆ.

"ಒಗಿಬೇಡಿ. ಇವ್ಳನ್ನ್ ಹೆರಿಗೆಗೆ ಕರ್ಕಂಡ್ ಹೋಪ ದಿನ ಬೇಕಾತ್ತ್. ಅವತ್ತ್ ನಾಲ್ಕೂ ಟೈರಿಂದ ಒಂಚೂರ್ ಗಾಳಿಯೂ ಬಿಡಿ, ನಾನ್ ಬೈಯುದಿಲ್ಲೆ. ಕುಂದಾಪ್ರ ತನ್ಕ ಹೋಪುಕೆ ಚಾರ್ಜ್ ಸಾಕ್."