ಧರ್ಮೇಶ ಬಂದ ದಿನದ ಊಟ

ಬೆಳಗ್ಗೆ ಏಳು ಗಂಟೆಗೆ ಯಮುನ ಎಂದಿನಂತೆ ಅತ್ತೆಯ ಸೆರಗು ಸರಿಸಿ, ಹೊಟ್ಟೆಯ ಸಡಿಲ ಚರ್ಮವನ್ನು ಎರಡು ಬೆರಳಲ್ಲಿ ಹಿಡಿದು ಇನ್ಸುಲಿನ್ ಚುಚ್ಚಿದಳು. ಎಂಟು ವರ್ಷದಿಂದ ದಿನವೂ ಮಾಡುತ್ತಿದ್ದ ಕೆಲಸ. ಸೂಜಿ ಹೊರಗೆಳೆದು ಹತ್ತಿ ಒತ್ತಿದ ಮೇಲೆ ಅವಳಿಗೆ ಹೊಳೆಯಿತು: ಸೂಜಿ ಹಾಕಿದ ಮೇಲೆ ಉಣ್ಣದಿದ್ದರೆ ಮೈಯ ಸಕ್ಕರೆ ಪೂರಾ ಇಳಿದುಬಿಡುತ್ತದೆ. ಇವತ್ತು ಈ ಮನೆಯಲ್ಲಿ ಯಾರೂ ಉಣ್ಣುವ ದಿನವಲ್ಲ.

ಶಾರ್ಜಾದಲ್ಲಿ ಎ.ಸಿ. ಮೆಕ್ಯಾನಿಕ್ ಆಗಿದ್ದ ಗಂಡ ಧರ್ಮೇಶ ರೂಮಿನಲ್ಲಿ ಮಲಗಿದವನು ಏಳಲಿಲ್ಲ ಎಂಬ ಸುದ್ದಿ ಬಂದು ಆರು ದಿನವಾಗಿತ್ತು. ಹೃದಯಾಘಾತ ಎಂದರು. ಮೂವತ್ತೊಂಬತ್ತು ವರ್ಷ. ಇಷ್ಟು ದಿನ ಅಕ್ಕಪಕ್ಕದವರು ತಂದಿಟ್ಟ ಗಂಜಿಯಲ್ಲಿ ಹೇಗೋ ಕಳೆದಿತ್ತು. ಆದರೆ ಹೆಣ ಬರುವ ದಿನ, ಅದು ಮಣ್ಣು ಸೇರುವ ತನಕ ಮನೆಯವರು ನೀರು ಬಿಟ್ಟು ಬೇರೇನೂ ಮುಟ್ಟುವಂತಿಲ್ಲ ಎಂದು ಸಾಂತಪ್ಪ ಮಾವ ಹಿಂದಿನ ದಿನವೇ ಹೇಳಿಹೋಗಿದ್ದ. ಅತ್ತೆ ಸಿದ್ದಮ್ಮನ ಬೆನ್ನಿಗೆ ಹುಟ್ಟಿದ ತಮ್ಮ ಅವನು. ಅಕ್ಕನ ಗಂಡ ತೀರಿಹೋದಾಗಿನಿಂದ ಆ ಮನೆಯ ಒಳ್ಳೆಯದು ಕೆಟ್ಟದ್ದಕ್ಕೆಲ್ಲ ಅವನೇ ಮುಂದೆ ನಿಲ್ಲುತ್ತಿದ್ದ.

"ಅತ್ತೆ, ಸೂಜಿ ಹಾಕ್ಬಿಟ್ಟೆ. ಎರಡು ಇಡ್ಲಿ ತಿನ್ನಿ, ಯಾರಿಗೂ ಗೊತ್ತಾಗಲ್ಲ" ಎಂದಳು ಯಮುನ ಮೆಲ್ಲಗೆ.

"ನಂಗ್ ಗೊತ್ತಾಯ್ತದಲ್ಲ" ಎಂದು ಸಿದ್ದಮ್ಮ ಎದ್ದು ಹೋಗಿ, ಹೆಣ ತರಲು ಏರ್‌ಪೋರ್ಟಿಗೆ ಹೊರಟಿದ್ದ ಅಂಬುಲೆನ್ಸ್ ಹತ್ತಿದಳು. ಮಗನನ್ನು ತಾನೇ ಕರೆತರುತ್ತೇನೆಂದು ಹಟ ಹಿಡಿದಿದ್ದ ಅವಳನ್ನು ಬೇಡವೆನ್ನುವ ಧೈರ್ಯ ಯಾರಿಗೂ ಇರಲಿಲ್ಲ.

ಕೊಡಗಿನ ಸಿದ್ದಾಪುರ ಬಿಟ್ಟು, ವಿರಾಜಪೇಟೆ ದಾಟಿ, ಮಾಕುಟ್ಟದ ಘಾಟಿ ತಿರುವುಗಳಲ್ಲಿ ಇಳಿಯುವಾಗ ಯಮುನ, ಸಾಂತಪ್ಪ ಅವಳ ಆಚೀಚೆ ಕೂತಿದ್ದರು. ಹಿಂದಿನ ಖಾಲಿ ಸ್ಟ್ರೆಚರ್ ಪ್ರತಿ ತಿರುವಿಗೂ ಕಟಕಟ ಎನ್ನುತ್ತಿತ್ತು. ಕಣ್ಣೂರು ಏರ್‌ಪೋರ್ಟ್ ಮುಟ್ಟುವಾಗ ಹನ್ನೊಂದಾಗುತ್ತಾ ಬಂದಿತ್ತು. ಸಾಂತಪ್ಪ ಕಾಗದಪತ್ರಗಳ ಚೀಲ ಹಿಡಿದು ಸರಕು ಬಿಡಿಸಿಕೊಳ್ಳುವ ಕಟ್ಟಡದ ಕಡೆ ಹೊರಟ.

"ಇನ್ನೂ ಎರಡು ಗಂಟೆ ಆಗ್ತದಂತೆ. ನೀವಿಬ್ರೂ ಅಲ್ಲೇ ನೆಳ್ಳಲ್ಲಿ ಕೂತಿರಿ. ಸೈನ್ ಹಾಕೋಕೆ ನಿನ್ನ ಕರೀತೀನಿ ಯಮುನ" ಎಂದ.

ಅತ್ತೆ ಸೊಸೆ ಪ್ರಯಾಣಿಕರು ಹೊರಬರುವ ಬಾಗಿಲಿನ ಎದುರು ಬೆಂಚಿನ ಮೇಲೆ ಕೂತರು. ಸುತ್ತ ಜಾತ್ರೆಯಂಥ ಗುಂಪು. ಬಾಗಿಲು ತೆರೆದಾಗಲೆಲ್ಲ ಯಾರದೋ ಅಪ್ಪ, ಯಾರದೋ ಅಣ್ಣ ಹಗ್ಗ ಬಿಗಿದ ರಟ್ಟಿನ ಪೆಟ್ಟಿಗೆಗಳನ್ನು ತಳ್ಳಿಕೊಂಡು ಬರುತ್ತಿದ್ದರು. ಮಕ್ಕಳು ಕಂಬಿಯ ಕೆಳಗೆ ನುಸುಳಿ ಓಡುತ್ತಿದ್ದವು. ಯಮುನಳಿಗೆ ನೋಡಬಾರದೆನಿಸಿದರೂ ಕಣ್ಣು ಅತ್ತಲೇ ಹೋಗುತ್ತಿತ್ತು. ನಾಲ್ಕು ವರ್ಷದ ಹಿಂದೆ ಧರ್ಮೇಶ ಹೋದದ್ದು ಇಲ್ಲಿಂದಲೇ. ಮುಂದಿನ ಕಾಫಿ ಕೊಯ್ಲಿಗೆ ಬರುತ್ತೇನೆಂದು ಕಳೆದ ತಿಂಗಳಷ್ಟೇ ಫೋನಿನಲ್ಲಿ ಹೇಳಿದ್ದ.

ಹನ್ನೆರಡೂವರೆಯ ಹೊತ್ತಿಗೆ ಸಿದ್ದಮ್ಮನ ಹಣೆ ಬೆವರಿತು. ಸೆರಗಿನಿಂದ ಒರೆಸಿಕೊಳ್ಳಲು ಹೋದ ಕೈ ಗಡಗಡ ನಡುಗಿ ಮೂಗಿನ ಮೇಲೆ ಬಿತ್ತು.

"ಅತ್ತೆ?"

"ಸೆಕೆ ಕಣವ್ವ" ಎಂದಳು. ನಾಲಿಗೆ ತೊದಲುತ್ತಿತ್ತು.

ಯಮುನ ಓಡಿಹೋಗಿ ಸಕ್ಕರೆ ಹೆಚ್ಚಿಗೆ ಹಾಕಿಸಿ ಟೀ ತಂದಳು. ಸಿದ್ದಮ್ಮ ತುಟಿ ಬಿಗಿಹಿಡಿದಳು. ಬಿಸ್ಕತ್ತು ಕೊಟ್ಟರೆ ಅದನ್ನೂ ಪಕ್ಕಕ್ಕೆ ತಳ್ಳಿದಳು. ಹೋದ ವರ್ಷ ಇದೇ ಥರ ಬೆವರಿ ಅಡುಗೆಮನೆಯಲ್ಲಿ ಬಿದ್ದಾಗ ಆಸ್ಪತ್ರೆಯ ನರ್ಸ್ ಹೇಳಿದ್ದು ಯಮುನಳ ನೆನಪಿನಲ್ಲಿತ್ತು. ಇನ್ನರ್ಧ ಗಂಟೆ ತಡವಾಗಿದ್ದರೆ ಕೈಗೆ ಸಿಗುತ್ತಿರಲಿಲ್ಲ ಎಂದಿದ್ದರು.

"ದಮ್ಮಯ್ಯ ಅತ್ತೆ, ಒಂದು ತುತ್ತು."

"ನನ್ ಮಗ ಪೆಟ್ಟಿಗೆಲಿ ಮಲಗವ್ನೆ. ನಾನು ಉಣ್ಣೋದಾ?" ಸಿದ್ದಮ್ಮ ಸೊಸೆಯ ಮುಖವನ್ನು ನೆಟ್ಟ ದೃಷ್ಟಿಯಲ್ಲಿ ನೋಡಿದಳು. "ಮೊದ್ಲು ನೀನುಣ್ಣು ನೋಡನ. ನಿನ್ ಗಂಟಲಲ್ಲಿ ಇಳಿದ್ರೆ ನಾನೂ ಉಣ್ತೀನಿ."

ಆಗದ ಮಾತೆಂದು ತಿಳಿದೇ ಅವಳು ಹಾಗೆಂದದ್ದು. ಯಮುನ ಟೀ ಲೋಟ ಬೆಂಚಿನ ಮೇಲಿಟ್ಟಳು. ಆಮೇಲೆ ಅತ್ತೆಯ ಕಂಕುಳಿಗೆ ಕೈಕೊಟ್ಟು ಎಬ್ಬಿಸಿ, ಪಕ್ಕದಲ್ಲೇ ಇದ್ದ ಗಾಜಿನ ಬಾಗಿಲಿನ ರೆಸ್ಟೋರೆಂಟಿಗೆ ನಡೆಸಿಕೊಂಡು ಹೋದಳು.

ಒಳಗೆ ತಣ್ಣಗಿತ್ತು. ಬಿಳಿ ಬಟ್ಟೆ ಹಾಸಿದ ಮೇಜು, ಮೆತ್ತನೆಯ ಕುರ್ಚಿ. ಮದುವೆಯಾದ ಮೇಲೆ ಇಂಥ ಕಡೆ ಕೂತು ಉಂಡದ್ದು ಯಮುನಳಿಗೆ ನೆನಪಿಲ್ಲ. ಗೋಣಿಕೊಪ್ಪಲಿನ ಕಾಫಿ ಗೋದಾಮಿನಲ್ಲಿ ಬೀಜ ಆರಿಸುವ ಕೆಲಸದವಳು ಅವಳು. ಮಧ್ಯಾಹ್ನದ ಬುತ್ತಿಯನ್ನು ಮೂಟೆಗಳ ಮೇಲೆ ಕೂತೇ ಮುಗಿಸುವ ಅಭ್ಯಾಸ. ನಡುವಯಸ್ಸಿನ ಬಡಿಸುವವನು ಬಂದು ನಗುತ್ತಾ ಏನು ಬೇಕೆಂದು ಮಲಯಾಳದಲ್ಲಿ ಕೇಳಿದ. ಕೇರಳದ ಗಡಿಗೆ ಹತ್ತಿರದ ಸಿದ್ದಾಪುರದಲ್ಲಿ ಬೆಳೆದವಳಿಗೆ ಆ ಭಾಷೆಯೇನೂ ಹೊಸದಲ್ಲ. ಎರಡು ಊಟ, ಬೇಗ ಬೇಕು ಎಂದಳು.

"ಯಾರನ್ನು ಕರ್ಕೊಂಡು ಹೋಗೋಕೆ ಬಂದಿರೋದು?"

"ಗಂಡನ್ನ." ಬಾಯಿಗೆ ಬಂದದ್ದು ಅದೊಂದೇ ಮಾತು.

"ಎಷ್ಟು ವರ್ಷ ಆಯ್ತು?"

"ನಾಲ್ಕು."

ಅವನ ಮುಖ ಅರಳಿತು. ತನ್ನ ತಮ್ಮನೂ ದುಬೈಯಲ್ಲಿದ್ದಾನೆ ಎಂದ. ಕ್ಷಣದಲ್ಲೇ ಎರಡು ತಟ್ಟೆ ಬಂದವು. ಕೆಂಪು ಕುಚ್ಚಲಕ್ಕಿ ಅನ್ನ, ಸಾಂಬಾರು, ಕಾಯಿತುರಿ ಹಾಕಿದ ಪಲ್ಯ, ಹಪ್ಪಳ.

ಸಿದ್ದಮ್ಮ ಕುರ್ಚಿಗೆ ಒರಗಿ ಕಣ್ಣು ಅರೆತೆರೆದು ಸೊಸೆಯನ್ನೇ ನೋಡುತ್ತಿದ್ದಳು. ಯಮುನ ಅನ್ನ ಕಲಸಿದಳು. ಮೊದಲ ತುತ್ತು ಬಾಯಲ್ಲಿ ಮಣ್ಣಿನ ಹೆಂಟೆಯಂತೆ ನಿಂತಿತು. ನೀರು ಕುಡಿದು ನುಂಗಿದಳು. ಎರಡನೆಯದನ್ನೂ ಹಾಗೇ ನುಂಗಿದಳು. ಮೂರನೆಯದಕ್ಕೆ ನೀರು ಬೇಕಾಗಲಿಲ್ಲ.

"ಇಳೀತಾ ಇದೆ ಅತ್ತೆ, ನೋಡಿ. ಈಗ ನೀವು."

ಸಿದ್ದಮ್ಮನ ಕೈ ತಟ್ಟೆಯ ತನಕ ಹೋಗಲಿಲ್ಲ. ಯಮುನ ಎದ್ದು ಪಕ್ಕದಲ್ಲಿ ಕೂತು ತುತ್ತು ಮಾಡಿ ಬಾಯಿಗಿಟ್ಟಳು. ಆಡಿದ ಮಾತಿಗೆ ಸೋತೋ, ಬುದ್ಧಿ ಮಂಕಾಗಿಯೋ, ಸಿದ್ದಮ್ಮ ಬಾಯಿ ತೆರೆದಳು. ಕಣ್ಣೀರು ಕೆನ್ನೆಗಿಳಿಯುತ್ತಿರುವಾಗಲೇ ಅಗಿದಳು. ಅವಳಿಗೊಂದು ತುತ್ತು, ತನಗೊಂದು ತುತ್ತು. ತಾನು ನಿಲ್ಲಿಸಿದರೆ ಅತ್ತೆಯೂ ನಿಲ್ಲಿಸುತ್ತಾಳೆ ಎಂದು ಯಮುನ ಉಣ್ಣುತ್ತಲೇ ಇದ್ದಳು. ಆದರೆ ನಡುವೆ ಎಲ್ಲೋ, ಹಪ್ಪಳ ಮುರಿದು ಅನ್ನಕ್ಕೆ ಬೆರೆಸಿಕೊಳ್ಳುವಾಗ, ಸಾಂಬಾರು ಚೆನ್ನಾಗಿದೆ ಎಂದು ಅವಳಿಗೆ ಅನ್ನಿಸಿಬಿಟ್ಟಿತು. ಅವಳಿಗೇ ಹಸಿವಾಗಿತ್ತು. ಆರು ದಿನದ ಹಸಿವು ಒಟ್ಟಿಗೆ ಎದ್ದು ಬಂದಿತ್ತು. ಇನ್ನೊಂದು ಸೌಟು ಅನ್ನ ಕೇಳಿದಳು. ಕೇಳಿದ ದನಿ ತನ್ನದೇ ಎಂದು ನಂಬಲಾಗಲಿಲ್ಲ.

ಬಡಿಸುವವನು ಅನ್ನದ ಜೊತೆ ಎರಡು ಬಟ್ಟಲು ಪಾಯಸ ತಂದಿಟ್ಟ. "ಇದು ನನ್ನ ಕಡೆಯಿಂದ. ನಾಲ್ಕು ವರ್ಷದ ಮೇಲೆ ಯಜಮಾನರು ಬರುವಾಗ ಸಿಹಿ ತಿನ್ನದಿದ್ದರೆ ಹೇಗೆ?" ಎಂದ.

ನಿಜ ಹೇಳಲು ಯಮುನ ಬಾಯಿ ತೆರೆದಳು. ಹೇಳಿದರೆ ಅವನು ಬಟ್ಟಲು ತೆಗೆದುಕೊಂಡು ಹೋಗಬಹುದು. ಅತ್ತೆಯ ಮೈಗೆ ಈಗ ಬೇಕಾದ್ದು ಸಿಹಿಯೇ. ಬಾಯಿ ಮುಚ್ಚಿ, ಚಮಚದಿಂದ ಪಾಯಸ ತೆಗೆದು ಸಿದ್ದಮ್ಮನಿಗೆ ತಿನ್ನಿಸತೊಡಗಿದಳು. ಅರ್ಧ ಬಟ್ಟಲು ಮುಗಿದಾಗ ಸಿದ್ದಮ್ಮ ಮತ್ತೆ ತುಟಿ ಬಿಗಿದಳು. ಯಮುನ ತಾನೊಂದು ಚಮಚ ಬಾಯಿಗಿಟ್ಟು ತೋರಿಸಿದಳು.

ಆಗಲೇ ಗಾಜಿನ ಬಾಗಿಲು ತಳ್ಳಿಕೊಂಡು ಸಾಂತಪ್ಪ ಬಂದ.

ಖಾಲಿ ತಟ್ಟೆಗಳನ್ನು ನೋಡಿದ, ಪಾಯಸದ ಬಟ್ಟಲು ನೋಡಿದ, ಸೊಸೆಯ ಬಾಯಿಯಲ್ಲಿದ್ದ ಚಮಚ ನೋಡಿದ.

"ಪೆಟ್ಟಿಗೆ ಬಂತು. ಕೈ ತೊಳ್ಕೊಂಡು ಬಾ, ಸೈನ್ ಹಾಕ್ಬೇಕು" ಎಂದ.

"ಮಾವ, ಅತ್ತೆಗೆ ಸಕ್ಕರೆ ಇಳಿದು..."

"ಇರ್ಲಿ ಬಾ."

ಅವತ್ತು ಸಂಜೆಯೇ ಧರ್ಮೇಶ ಮಣ್ಣು ಸೇರಿದ. ಬೆಳಗ್ಗೆಯಿಂದ ಚಿಕ್ಕಮ್ಮ ಶೋಭಿತಾಳ ಜೊತೆ ಮನೆಯಲ್ಲೇ ಇದ್ದ ಒಂಬತ್ತು ವರ್ಷದ ಮಗಳು ಗಾನವಿ, ನಾಲ್ಕು ವರ್ಷ ಫೋನಿನಲ್ಲಷ್ಟೇ ಕಂಡ ಅಪ್ಪನ ಮುಖವನ್ನು ನೋಡಿ ಅವಳ ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು.

ಮೂರನೇ ದಿನಕ್ಕೆ ಮಾತು ಯಮುನಳ ಕಿವಿಗೆ ಬಿತ್ತು. ನಲ್ಲಿಯ ಹತ್ತಿರ ನಿಂತಿದ್ದ ಹೆಂಗಸರು ಅವಳನ್ನು ಕಂಡು ಸುಮ್ಮನಾದರು. ತಂಗಿ ಶೋಭಿತಾ ತಡೆಯಲಾರದೆ ಹೇಳಿದಳು: "ಗಂಡನ ಹೆಣ ಇಳಿಸೋ ಹೊತ್ತಲ್ಲಿ ಏರ್‌ಪೋರ್ಟ್ ಹೋಟ್ಲಲ್ಲಿ ಪಾಯಸದೂಟ ಹೊಡೀತಿದ್ಲು ಅಂತ ಆಡ್ಕೋತಾವ್ರೆ ಅಕ್ಕ. ನೀನ್ಯಾಕೆ ಸುಮ್ನಿದೀಯ? ಅತ್ತೆಗೋಸ್ಕರ ಅಂತ ಹೇಳು."

ಯಮುನ ಹೇಳಲಿಲ್ಲ. ಅತ್ತೆಗೋಸ್ಕರ ಎಂಬುದು ನಿಜ. ಆದರೆ ಇನ್ನೊಂದು ಸೌಟು ಅನ್ನ ಕೇಳಿದ್ದು ಯಾರಿಗೋಸ್ಕರ? ಆ ಪ್ರಶ್ನೆ ಬಂದ ಕೂಡಲೇ ಮಾತು ಒಳಗೇ ಉಳಿದುಬಿಡುತ್ತಿತ್ತು. ಅತ್ತೆಯಾದರೂ ಒಂದು ಮಾತು ಹೇಳಬಹುದೆಂದು ಕಾದಳು. ಸಿದ್ದಮ್ಮ ಗೋಡೆಗೆ ಮುಖ ಮಾಡಿ ಮಲಗಿದವಳು ಯಾರ ಜೊತೆಯೂ ಮಾತಾಡಲಿಲ್ಲ. ಇಂಜೆಕ್ಷನ್ ಹಾಕುವಾಗಲೂ ಕಣ್ಣು ಬಿಡುತ್ತಿರಲಿಲ್ಲ.

ಒಂಬತ್ತನೇ ದಿನ ಬೆಳಗ್ಗೆ ಸಿದ್ದಮ್ಮ ಸೊಸೆಯ ಸೂಜಿ ಹಿಡಿದ ಕೈಯನ್ನು ತಡೆದಳು.

"ಯಾಕವ್ವ ಅವತ್ತು ನಂಗುಣ್ಣಿಸ್ದೆ? ನನ್ ಪಾಡಿಗೆ ಬಿಟ್ಟಿದ್ರೆ ಅವನ ಹಿಂದೆ ನಾನೂ ಹೋಯ್ತಿದ್ದೆ."

ಯಮುನಳಿಗೆ ಸಿಟ್ಟು ಬಂತು. "ನೀವೂ ಹೋದ್ರೆ ನಂಗೂ ಗಾನವಿಗೂ ಯಾರಿದಾರೆ?" ಎಂದಳು. ಸೂಜಿ ಕೆಳಗಿಟ್ಟು, ತಲೆ ತಗ್ಗಿಸಿ, "ನಿಮ್ಗೋಸ್ಕರ ಅಂತಲೇ ಶುರು ಮಾಡಿದ್ದು ಅತ್ತೆ. ಆದ್ರೆ ನಂಗೂ ಹಸಿವಾಗಿತ್ತು. ಊಟ ರುಚಿ ಅನ್ನಿಸ್ತು. ಅವ್ರು ಅಲ್ಲಿ ಪೆಟ್ಟಿಗೆಲಿದ್ರು, ನಂಗೆ ಇಲ್ಲಿ ರುಚಿ ಅನ್ನಿಸ್ತು" ಎಂದಳು.

ಸಿದ್ದಮ್ಮ ಸೊಸೆಯ ಕಡೆ ಹೊರಳಿದಳು.

"ನಂಗೂ" ಎಂದಳು. "ಆ ಪಾಯಸ ನಾಲಿಗೆಗೆ ತಗುಲ್ದಾಗ ಮೈಯೆಲ್ಲಾ ಇನ್ನೊಂಚೂರು ಕೊಡು ಅಂತು. ಹೆತ್ತೋಳು ನಾನು. ಅದ್ಕೇ ಮುಖ ತೋರ್ಸಕ್ಕಾಗದೆ ಬಿದ್ಕಂಡಿವ್ನಿ."

ಸೊಸೆ ಅತ್ತೆಯ ಹಾಸಿಗೆಯ ಮೇಲೇ ಕುಸಿದು ಕೂತಳು. ಇಬ್ಬರೂ ದನಿ ತೆಗೆದು ಅತ್ತರು. ಸುದ್ದಿ ಬಂದಂದಿನಿಂದ ಯಮುನ ಹಾಗೆ ಅತ್ತಿರಲಿಲ್ಲ.

ಹನ್ನೊಂದನೇ ದಿನದ ಕಾರ್ಯಕ್ಕೆ ಸಾಂತಪ್ಪ ಬಂದಾಗ, ನೆಂಟರೆಲ್ಲ ಕೂತಿರುವಂತೆಯೇ ಸಿದ್ದಮ್ಮ ಕೇಳಿದಳು: "ಸಾಂತಪ್ಪ, ಅವತ್ತು ಎರಡು ತಟ್ಟೆ ಇತ್ತಲ್ಲ, ಇನ್ನೊಂದು ಯಾರ್ದು ಅಂತ ಜನಕ್ಕೆ ಹೇಳ್ದಾ?"

"ನಾನೇನಂದೆ ಅಕ್ಕ? ಕಂಡಿದ್ದು ಹೇಳ್ದೆ ಅಷ್ಟೆ."

"ಹಂಗಾರೆ ಇದ್ನೂ ಹೇಳು. ನಾನೂ ಉಂಡೆ. ಪಾಯಸ ಜಾಸ್ತಿ ತಿಂದೋಳು ನಾನೇ."

ಸಾಂತಪ್ಪನ ಮುಖ ಕಪ್ಪಿಟ್ಟಿತು. ಕಾರ್ಯ ಮುಗಿಯುವ ತನಕ ಇದ್ದು, ಎಡೆಯ ಊಟಕ್ಕೆ ನಿಲ್ಲದೆ ಹೊರಟುಹೋದ. ಆಮೇಲೆ ಆ ಮನೆಗೆ ಅವನು ಬರಲಿಲ್ಲ. ಸಿದ್ದಮ್ಮ ಎರಡು ಸಲ ಹೇಳಿಕಳಿಸಿದಳು, ಕೆಲಸವಿದೆ ಎಂದನಂತೆ. ಊರಿನ ಮಾತು ಕಡಿಮೆಯಾಯಿತು, ಪೂರ್ತಿ ನಿಲ್ಲಲಿಲ್ಲ.

ತಿಂಗಳು ಕಳೆದ ಮೇಲೆ ಯಮುನ ಗೋದಾಮಿನ ಕೆಲಸಕ್ಕೆ ಮರಳಿದಳು. ನಾಲ್ಕನೇ ದಿನವೋ ಐದನೇ ದಿನವೋ, ಎದುರು ಕೂತು ಬೀಜ ಆರಿಸುತ್ತಿದ್ದ ಹೊಸಬಳೊಬ್ಬಳು ಅಳುಕುತ್ತಾ ಕೇಳಿದಳು: "ಅಕ್ಕಾ, ಏರ್‌ಪೋರ್ಟಲ್ಲಿ ನೀವು ಊಟ ಮಾಡಿದ್ರಿ ಅಂತಾರಲ್ಲ, ಹೌದಾ?"

ಸುತ್ತಲಿನ ಕೈಗಳೆಲ್ಲ ಒಂದು ಕ್ಷಣ ನಿಂತವು. ಯಮುನ ಮುಖ ಎತ್ತಿದಳು.

"ಹೌದು, ಉಂಡೆ" ಎಂದಳು. "ನಮ್ಮತ್ತೆಗೂ ಉಣ್ಣಿಸ್ದೆ."

ಕರಿ ಬಿದ್ದ ಬೀಜಗಳನ್ನು ಒಂದೊಂದಾಗಿ ಹೆಕ್ಕಿ ಅವಳು ಪಕ್ಕಕ್ಕೆ ಹಾಕತೊಡಗಿದಳು.